ಅಂಧ ಚದುರಂಗ ಆಟಗಾರರಿಗೆ ಸಮಯ ಮಾಪನ ಸಾಧನಗಳು: ಆಯ್ಕೆ, ಬಳಕೆ ಹಾಗೂ ಅರ್ಜಿ ಸಲ್ಲಿಸುವ ವಿಧಾನ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಅಂಧರು ಮತ್ತು ದೃಷ್ಟಿಯುಳ್ಳವರು ಒಂದೇ ಮೇಜಿನ ಎದುರುಬದುರು ಕುಳಿತು, ಒಂದೇ ನಿಯಮಾವಳಿಯಡಿ ಸ್ಪರ್ಧಿಸಬಹುದಾದ ಕೆಲವೇ ಕ್ರೀಡೆಗಳಲ್ಲಿ ಚದುರಂಗವೂ ಒಂದು. ಹಲಗೆಯ ಮೇಲಿನ ಸ್ಥಿತಿಯನ್ನು ಬೆರಳಿನಿಂದ ತಿಳಿಯಬಹುದು. ಎದುರಾಳಿಯ ನಡೆಯನ್ನು ಕಿವಿಯಿಂದ ಕೇಳಬಹುದು. ಆದರೆ ಪಂದ್ಯದ ಫಲಿತಾಂಶವನ್ನು ನಿರ್ಧರಿಸುವ ಮೂರನೆಯ ವಸ್ತುವಾದ ಗಡಿಯಾರವು ಸಾಮಾನ್ಯವಾಗಿ ಕಣ್ಣಿಗೆ ಮಾತ್ರ ಸಮಯವನ್ನು ತಿಳಿಸುತ್ತದೆ. ಇಂದು ಬಹುತೇಕ ಪಂದ್ಯಾವಳಿಗಳಲ್ಲಿ ಬಳಕೆಯಲ್ಲಿರುವ ಡಿಜಿಟಲ್ ಗಡಿಯಾರದ ಗಾಜಿನ ಮೇಲೆ ಬೆರಳಾಡಿಸಿದರೆ ಏನೂ ತಿಳಿಯುವುದಿಲ್ಲ.

ತನಗೆ ಉಳಿದಿರುವ ಕಾಲವೆಷ್ಟು ಎಂಬುದನ್ನು ಅರಿಯದ ಆಟಗಾರನು ಒಂದೋ ಅನಗತ್ಯವಾಗಿ ಅವಸರಪಟ್ಟು ತಪ್ಪು ನಡೆ ಇಡುತ್ತಾನೆ, ಇಲ್ಲವೇ ಗೆಲ್ಲುವ ಸ್ಥಿತಿಯಲ್ಲಿದ್ದೂ ಸಮಯ ಮೀರಿ ಸೋಲುತ್ತಾನೆ. ಈ ಎರಡೂ ಸೋಲುಗಳಿಗೆ ಕಾರಣ ಆಟದ ಜ್ಞಾನದ ಕೊರತೆಯಲ್ಲ, ಸೂಕ್ತ ಸಾಧನದ ಕೊರತೆ. ಆದುದರಿಂದ ಅಂಧ ಹಾಗೂ ಮಂದದೃಷ್ಟಿಯುಳ್ಳ ಆಟಗಾರರು, ಅವರ ಪೋಷಕರು, ಶಾಲೆಗಳು ಮತ್ತು ಪಂದ್ಯಾವಳಿಯ ಸಂಘಟಕರ ಉಪಯೋಗಕ್ಕಾಗಿ ಲಭ್ಯವಿರುವ ಸಾಧನಗಳು, ಅವುಗಳಿಗೆ ಅನ್ವಯಿಸುವ ನಿಯಮಗಳು ಹಾಗೂ ನೆರವಿಗಾಗಿ ಅನುಸರಿಸಬೇಕಾದ ಕ್ರಮವನ್ನು ಈ ಕೆಳಗೆ ವಿವರಿಸಲಾಗಿದೆ.

2. ಹಿನ್ನೆಲೆ

ಅಂಧರ ಚದುರಂಗಕ್ಕೆ ಜಾಗತಿಕ ಮಟ್ಟದಲ್ಲಿ ಅಂತಾರಾಷ್ಟ್ರೀಯ ಬ್ರೈಲ್ ಚೆಸ್ ಸಂಸ್ಥೆಯು 1951ರಿಂದ ಅಸ್ತಿತ್ವದಲ್ಲಿದೆ. ಅಂಧರ ಮೊದಲ ಚೆಸ್ ಒಲಿಂಪಿಯಾಡ್ 1961ರಲ್ಲಿ ಜರ್ಮನಿಯ ಮೆಶೆಡೆ ಪಟ್ಟಣದಲ್ಲಿ ನಡೆಯಿತು. ಭಾರತದಲ್ಲಿ ಅಖಿಲ ಭಾರತ ಅಂಧರ ಚೆಸ್ ಒಕ್ಕೂಟವು 1997ರಲ್ಲಿ ಸ್ಥಾಪನೆಯಾಯಿತು. 2012ರಲ್ಲಿ ಅಂಧರ ಒಲಿಂಪಿಯಾಡ್ ಚೆನ್ನೈ ನಗರದಲ್ಲಿ ಜರುಗಿತು.

ಕರ್ನಾಟಕಕ್ಕೂ ಈ ಕ್ಷೇತ್ರದಲ್ಲಿ ಹೆಮ್ಮೆಯ ಸ್ಥಾನವಿದೆ. ಶಿವಮೊಗ್ಗದ ಆಟಗಾರ ಶ್ರೀ ಕಿಶನ್ ಗಂಗೊಳ್ಳಿ ಅವರು ರಾಷ್ಟ್ರೀಯ ಅಂಧರ ಚಾಂಪಿಯನ್ ಪಟ್ಟವನ್ನು ಹಲವು ಬಾರಿ ಗೆದ್ದಿದ್ದು, 2018ರಲ್ಲಿ ಜಕಾರ್ತಾದಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದ ರ‍್ಯಾಪಿಡ್ ವಿಭಾಗದಲ್ಲಿ ಚಿನ್ನದ ಪದಕ ಪಡೆದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಪೂರ್ಣ ಅಂಧರ ವಿಭಾಗದ ಚಿನ್ನವನ್ನು ಗುಜರಾತಿನ ಶ್ರೀ ದರ್ಪಣ್ ಇನಾನಿ ಅವರು ಗೆದ್ದರು. ಈ ಎರಡೂ ಪದಕಗಳು ಶೀಘ್ರಗತಿಯ ರ‍್ಯಾಪಿಡ್ ಪಂದ್ಯಗಳಲ್ಲಿ ಬಂದವು ಎಂಬುದು ಗಮನಾರ್ಹ. ಇಂತಹ ಪಂದ್ಯಗಳಲ್ಲಿ ಗಡಿಯಾರದ ಅರಿವು ನಡೆಯ ಅರಿವಿನಷ್ಟೇ ಮುಖ್ಯವಾಗಿರುತ್ತದೆ.

3. ಆಟಗಾರರ ವರ್ಗೀಕರಣ

ಅಂಧರ ಕ್ರೀಡೆಗಳಲ್ಲಿ ಸ್ಪರ್ಧಿಗಳನ್ನು ದೃಷ್ಟಿಯ ಪ್ರಮಾಣಕ್ಕೆ ಅನುಗುಣವಾಗಿ ಮೂರು ವರ್ಗಗಳಾಗಿ ವಿಂಗಡಿಸುವುದು ರೂಢಿ. ಸಾಧನದ ಆಯ್ಕೆಗೂ ಇದೇ ವರ್ಗೀಕರಣವು ಸಹಕಾರಿಯಾಗುತ್ತದೆ.

• ಬಿ1: ಬೆಳಕಿನ ಅರಿವೇ ಇಲ್ಲದವರು ಅಥವಾ ಬೆಳಕಿನ ಅರಿವಿದ್ದರೂ ಯಾವುದೇ ದೂರದಲ್ಲಿ ಕೈಯ ಆಕಾರವನ್ನು ಗುರುತಿಸಲಾಗದವರು.
• ಬಿ2: ಕೈಯ ಆಕಾರವನ್ನು ಗುರುತಿಸಬಲ್ಲವರಿಂದ ಮೊದಲ್ಗೊಂಡು 2/60 ದೃಷ್ಟಿ ತೀಕ್ಷ್ಣತೆಯವರೆಗಿನವರು ಅಥವಾ ದೃಷ್ಟಿ ವ್ಯಾಪ್ತಿ 5 ಡಿಗ್ರಿಗಿಂತ ಕಡಿಮೆ ಇರುವವರು.
• ಬಿ3: ದೃಷ್ಟಿ ತೀಕ್ಷ್ಣತೆ 2/60ಕ್ಕಿಂತ ಮೇಲ್ಪಟ್ಟು 6/60ರವರೆಗೆ ಇರುವವರು ಅಥವಾ ದೃಷ್ಟಿ ವ್ಯಾಪ್ತಿ 5 ಡಿಗ್ರಿಗಿಂತ ಹೆಚ್ಚು, 20 ಡಿಗ್ರಿಗಿಂತ ಕಡಿಮೆ ಇರುವವರು.

ಕ್ರೀಡಾ ವರ್ಗೀಕರಣ ಮತ್ತು ಸರ್ಕಾರಿ ಸೌಲಭ್ಯಗಳಿಗಾಗಿ ನೀಡಲಾಗುವ ವಿಕಲಚೇತನತೆಯ ಪ್ರಮಾಣಪತ್ರ ಇವೆರಡೂ ಬೇರೆ ಬೇರೆ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು. ಒಂದರ ಬದಲಿಗೆ ಮತ್ತೊಂದನ್ನು ಹಾಜರುಪಡಿಸಲು ಬರುವುದಿಲ್ಲ.

4. ಅನ್ವಯಿಸುವ ನಿಯಮಗಳು

ವಿಶ್ವ ಚೆಸ್ ಸಂಸ್ಥೆಯಾದ ಫಿಡೆಯ ಆಟದ ನಿಯಮಾವಳಿಯಲ್ಲಿ ಅಂಧ ಹಾಗೂ ದೃಷ್ಟಿದೋಷವುಳ್ಳ ಆಟಗಾರರಿಗೆ ಪ್ರತ್ಯೇಕ ಅನುಬಂಧವಿದೆ. ಅದರ ಮುಖ್ಯ ಅಂಶಗಳು ಕೆಳಕಂಡಂತಿವೆ.

(ಅ) ಎರಡು ಹಲಗೆಗಳು: ದೃಷ್ಟಿಯುಳ್ಳ ಆಟಗಾರ ಮತ್ತು ದೃಷ್ಟಿದೋಷವುಳ್ಳ ಆಟಗಾರನ ನಡುವಿನ ಪಂದ್ಯದಲ್ಲಿ ಇಬ್ಬರಲ್ಲಿ ಯಾರೇ ಆಗಲಿ ಎರಡು ಹಲಗೆಗಳ ಬಳಕೆಯನ್ನು ಕೋರಬಹುದು. ವಿಶೇಷ ಹಲಗೆಯು ಕನಿಷ್ಠ 20 ಸೆಂ.ಮೀ. ಉದ್ದ ಮತ್ತು 20 ಸೆಂ.ಮೀ. ಅಗಲ ಇರಬೇಕು. ಕಪ್ಪು ಮನೆಗಳು ತುಸು ಎತ್ತರದಲ್ಲಿದ್ದು, ಪ್ರತಿ ಮನೆಯಲ್ಲೂ ಕಾಯಿಯ ಗೂಟ ಕೂರುವ ರಂಧ್ರವಿರಬೇಕು. ಕಪ್ಪು ಕಾಯಿಗಳಿಗೆ ಸ್ಪರ್ಶದಿಂದ ತಿಳಿಯುವ ಗುರುತಿರಬೇಕು.

(ಆ) ನಡೆಯ ಘೋಷಣೆ: ಪ್ರತಿ ನಡೆಯನ್ನೂ ಸ್ಪಷ್ಟವಾಗಿ ಹೇಳಬೇಕು. ಎದುರಾಳಿಯು ಅದನ್ನು ಪುನರುಚ್ಚರಿಸಿ ತನ್ನ ಹಲಗೆಯ ಮೇಲೆ ಇಡಬೇಕು. ಬಿ, ಸಿ, ಡಿ, ಇ, ಜಿ ಮೊದಲಾದ ಇಂಗ್ಲಿಷ್ ಅಕ್ಷರಗಳು ಕಿವಿಗೆ ಒಂದೇ ತೆರನಾಗಿ ಕೇಳಿಸುವುದರಿಂದ ಎಂಟು ಸಾಲುಗಳಿಗೆ ಆನ್ನಾ, ಬೆಲ್ಲಾ, ಸೀಸರ್, ಡೇವಿಡ್, ಇವಾ, ಫೆಲಿಕ್ಸ್, ಗುಸ್ತಾವ್, ಹೆಕ್ಟರ್ ಎಂಬ ಹೆಸರುಗಳನ್ನು ಸೂಚಿಸಲಾಗಿದೆ.

(ಇ) ನಡೆ ಪೂರ್ಣಗೊಳ್ಳುವುದು ಯಾವಾಗ: ವಿಶೇಷ ಹಲಗೆಯಲ್ಲಿ ಕಾಯಿಯನ್ನು ರಂಧ್ರದಿಂದ ಹೊರತೆಗೆದಾಗ ಅದನ್ನು ಮುಟ್ಟಿದಂತೆ ಪರಿಗಣಿಸಲಾಗುತ್ತದೆ. ಹೊಡೆದ ಕಾಯಿಯನ್ನು ಹಲಗೆಯಿಂದ ತೆಗೆದು, ತನ್ನ ಕಾಯಿಯನ್ನು ಹೊಸ ರಂಧ್ರದಲ್ಲಿ ಕೂರಿಸಿ, ನಡೆಯನ್ನು ಘೋಷಿಸಿದ ಬಳಿಕವೇ ಎದುರಾಳಿಯ ಗಡಿಯಾರವನ್ನು ಚಾಲನೆ ಮಾಡತಕ್ಕದ್ದು. ಘೋಷಿಸುವಾಗ ಬಾಯಿತಪ್ಪಿದಲ್ಲಿ ಎದುರಾಳಿಯ ಗಡಿಯಾರ ಚಾಲನೆಯಾಗುವ ಮೊದಲೇ ಸರಿಪಡಿಸಿಕೊಳ್ಳಬೇಕು.

(ಈ) ಗಡಿಯಾರ: ದೃಷ್ಟಿದೋಷವುಳ್ಳವರಿಗಾಗಿಯೇ ತಯಾರಿಸಿದ, ಸಮಯವನ್ನೂ ನಡೆಗಳ ಸಂಖ್ಯೆಯನ್ನೂ ಆಟಗಾರನಿಗೆ ಧ್ವನಿಯ ಮೂಲಕ ತಿಳಿಸಬಲ್ಲ ಗಡಿಯಾರದ ಬಳಕೆಗೆ ಅವಕಾಶವಿದೆ. ಅದಕ್ಕೆ ಪರ್ಯಾಯವಾಗಿ ಸ್ಪರ್ಶದಿಂದ ಓದಬಹುದಾದ ಮುಳ್ಳಿನ ಗಡಿಯಾರವನ್ನು ಪರಿಗಣಿಸಬಹುದು.

(ಉ) ನಡೆಗಳ ದಾಖಲೆ: ಬ್ರೈಲ್ ಲಿಪಿಯಲ್ಲಿ ಅಥವಾ ಸಾಮಾನ್ಯ ಬರಹದಲ್ಲಿ ಬರೆದುಕೊಳ್ಳಬಹುದು ಇಲ್ಲವೇ ಧ್ವನಿಮುದ್ರಣ ಸಾಧನದಲ್ಲಿ ದಾಖಲಿಸಬಹುದು. ಎರಡು ಹಲಗೆಗಳಲ್ಲಿ ವ್ಯತ್ಯಾಸ ಕಂಡುಬಂದಲ್ಲಿ ಈ ದಾಖಲೆಗಳೇ ಆಧಾರ. ಇಬ್ಬರ ದಾಖಲೆಗಳೂ ಹೊಂದಾಣಿಕೆಯಾಗದಿದ್ದರೆ, ಹೊಂದಾಣಿಕೆಯಾಗುವ ನಡೆಯವರೆಗೆ ಹಿಂದಕ್ಕೆ ಹೋಗಿ, ತೀರ್ಪುಗಾರರು ಗಡಿಯಾರಗಳನ್ನು ತದನುಸಾರ ಮರುಹೊಂದಿಸುತ್ತಾರೆ.

(ಊ) ಸಹಾಯಕ: ದೃಷ್ಟಿದೋಷವುಳ್ಳ ಆಟಗಾರನು ಸಹಾಯಕರೊಬ್ಬರನ್ನು ಬಳಸಿಕೊಳ್ಳುವ ಹಕ್ಕು ಹೊಂದಿರುತ್ತಾನೆ. ಸಹಾಯಕರು ಎದುರಾಳಿಯ ಗಡಿಯಾರವನ್ನು ಚಾಲನೆ ಮಾಡಬಹುದು, ಸಮಯ ಮೀರಿದಾಗ ಹಕ್ಕು ಮಂಡಿಸಬಹುದು. ಆದರೆ ಬಳಸಿದ ಸಮಯ ಮತ್ತು ಆಡಿದ ನಡೆಗಳ ಸಂಖ್ಯೆಯನ್ನು ಆಟಗಾರನು ಕೇಳಿದಾಗ ಮಾತ್ರ ತಿಳಿಸಬೇಕು. ತಾವಾಗಿಯೇ ಎಚ್ಚರಿಸುವುದು ನಿಯಮಬಾಹಿರ.

5. ಲಭ್ಯವಿರುವ ಸಾಧನಗಳು

5.1 ಸ್ಪರ್ಶ ಗಡಿಯಾರ

ಇದು ಕೀಲಿ ಕೊಡುವ, ಎರಡು ಮುಖಗಳುಳ್ಳ ಹಳೆಯ ಮಾದರಿಯ ಗಡಿಯಾರದ ಪರಿಷ್ಕೃತ ರೂಪ. ಮುಖದ ಮೇಲೆ ಗಾಜು ಇರುವುದಿಲ್ಲ ಅಥವಾ ತೆರೆಯಬಹುದಾದ ಗಾಜು ಇರುತ್ತದೆ. ನಿಯಮದ ಪ್ರಕಾರ ಮುಳ್ಳುಗಳು ಬೆರಳ ಒತ್ತಡ ತಡೆಯುವಷ್ಟು ಗಟ್ಟಿಯಾಗಿರಬೇಕು. ಪ್ರತಿ 5 ನಿಮಿಷಕ್ಕೆ ಒಂದು, ಪ್ರತಿ 15 ನಿಮಿಷಕ್ಕೆ ಎರಡು ಉಬ್ಬು ಚುಕ್ಕೆಗಳಿರಬೇಕು. ಸಮಯ ಮುಗಿದುದನ್ನು ಸೂಚಿಸುವ ಬಾವುಟವು ಬೆರಳಿಗೆ ಸುಲಭವಾಗಿ ಸಿಗಬೇಕು. ಗಂಟೆಯ ಕೊನೆಯ 5 ನಿಮಿಷಗಳಲ್ಲಿ ನಿಮಿಷದ ಮುಳ್ಳನ್ನು ಮುಟ್ಟಿ ನೋಡಲು ಬಾವುಟವು ಅಡ್ಡಬರಬಾರದು.

ಹೊಂದಿಸುವ ಕ್ರಮ: ಸಮಯವು 6 ಗಂಟೆಗೆ ಮುಗಿಯುವಂತೆ ಹೊಂದಿಸುವುದು ವಾಡಿಕೆ. ಒಬ್ಬ ಆಟಗಾರನಿಗೆ 1 ಗಂಟೆಯಿದ್ದಲ್ಲಿ ಮುಳ್ಳುಗಳನ್ನು 5 ಗಂಟೆಗೂ, ಒಂದೂವರೆ ಗಂಟೆಯಿದ್ದಲ್ಲಿ 4 ಗಂಟೆ 30 ನಿಮಿಷಕ್ಕೂ, 2 ಗಂಟೆಯಿದ್ದಲ್ಲಿ 4 ಗಂಟೆಗೂ ಇಡಲಾಗುತ್ತದೆ. 1 ಗಂಟೆಗಿಂತ ಹೆಚ್ಚಿನ ಅವಧಿಯ ಪಂದ್ಯದಲ್ಲಿ ಬಾವುಟವು 5 ಗಂಟೆಗೆ ಒಮ್ಮೆ ಬೀಳುತ್ತದೆ. ಅದು ಅಂತಿಮ ಬೀಳುವಿಕೆಯಲ್ಲ. ಆದುದರಿಂದ ನಿಮಿಷದ ಮುಳ್ಳನ್ನು ಮಾತ್ರವಲ್ಲದೆ ಗಂಟೆಯ ಮುಳ್ಳನ್ನೂ ಮುಟ್ಟಿ ನೋಡುವ ಅಭ್ಯಾಸ ಮಾಡಿಕೊಳ್ಳುವುದು ಅಗತ್ಯ.

ಅನುಕೂಲಗಳು: ವಿದ್ಯುತ್ ಅಥವಾ ಬ್ಯಾಟರಿ ಬೇಡ. ಭಾಷೆಯ ತೊಡಕಿಲ್ಲ. ಶ್ರವಣದೋಷವೂ ಇರುವವರಿಗೆ ಇದು ವಿಶೇಷವಾಗಿ ಉಪಯುಕ್ತ.

ಮಿತಿಗಳು: ಪ್ರತಿ ನಡೆಗೂ ಹೆಚ್ಚುವರಿ ಸೆಕೆಂಡುಗಳನ್ನು ಸೇರಿಸುವ ಸಾಮರ್ಥ್ಯ ಇದಕ್ಕಿಲ್ಲ. ಉದಾಹರಣೆಗೆ, 90 ನಿಮಿಷ ಹಾಗೂ ಪ್ರತಿ ನಡೆಗೆ 30 ಸೆಕೆಂಡು ಎಂಬ ಕಾಲಮಿತಿಯಲ್ಲಿ 40 ನಡೆಗಳನ್ನು ಆಡುವಷ್ಟರಲ್ಲಿ ಆಟಗಾರನಿಗೆ 20 ನಿಮಿಷಗಳು ಹೆಚ್ಚುವರಿಯಾಗಿ ದೊರೆಯುತ್ತವೆ, 60 ನಡೆಗಳಿಗೆ 30 ನಿಮಿಷಗಳು. ಸ್ಪರ್ಶ ಗಡಿಯಾರವು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾರದು. ಕೊನೆಯ ನಿಮಿಷದ ಸೆಕೆಂಡುಗಳನ್ನು ನಿಖರವಾಗಿ ತಿಳಿಯುವುದೂ ಇದರಲ್ಲಿ ಸಾಧ್ಯವಿಲ್ಲ.

5.2 ಮಾತನಾಡುವ ಗಡಿಯಾರ

ಇದು ಡಿಜಿಟಲ್ ಗಡಿಯಾರವಾಗಿದ್ದು, ಗುಂಡಿ ಒತ್ತಿದಾಗ ಉಳಿದ ಸಮಯವನ್ನು ಧ್ವನಿಯಲ್ಲಿ ತಿಳಿಸುತ್ತದೆ. ಸಭಾಂಗಣದಲ್ಲಿ ಇತರರಿಗೆ ತೊಂದರೆಯಾಗದಂತೆ ತಂತಿಯ ಇಯರ್‌ಫೋನ್ ಮೂಲಕ ಆಲಿಸಬೇಕಾಗುತ್ತದೆ. ಎದುರಾಳಿಯು ಘೋಷಿಸುವ ನಡೆಯೂ ಕೇಳಬೇಕಾಗಿರುವುದರಿಂದ ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುವುದು ಸೂಕ್ತ. ಹೆಚ್ಚುವರಿ ಸೆಕೆಂಡುಗಳಿರುವ ಪಂದ್ಯಗಳಿಗೆ ಈ ಮಾದರಿಯೇ ಯೋಗ್ಯವಾದುದು.

ಬಳಕೆಯಲ್ಲಿ ಗಮನಿಸಬೇಕಾದ ಅಂಶಗಳು:

• ಸಮಯವನ್ನು ಆಲಿಸುವುದಕ್ಕೂ ಸಮಯ ಬೇಕು. ತನ್ನ ಸರದಿಯಲ್ಲಿ ಪ್ರತಿ ಬಾರಿ 3 ಸೆಕೆಂಡು ಆಲಿಸಿದರೆ 40 ನಡೆಗಳಲ್ಲಿ 2 ನಿಮಿಷಗಳು ವ್ಯಯವಾಗುತ್ತವೆ. ಆದುದರಿಂದ ತನ್ನ ನಡೆ ಮುಗಿಸಿ, ಗಡಿಯಾರ ಒತ್ತಿ, ಎದುರಾಳಿಯ ಸಮಯ ಓಡುತ್ತಿರುವಾಗ ಆಲಿಸುವುದು ಉತ್ತಮ.
• ಗಡಿಯಾರವು ಎಣಿಸುವುದು ಒತ್ತುವಿಕೆಗಳನ್ನೇ ಹೊರತು ನಡೆಗಳನ್ನಲ್ಲ. ಒಮ್ಮೆ ಒತ್ತುವುದು ತಪ್ಪಿದರೆ ಅದು ಹೇಳುವ ನಡೆಗಳ ಸಂಖ್ಯೆಯೂ ತಪ್ಪುತ್ತದೆ. ತನ್ನ ಬ್ರೈಲ್ ದಾಖಲೆಯೊಂದಿಗೆ ಆಗಾಗ್ಗೆ ತಾಳೆ ನೋಡತಕ್ಕದ್ದು.
• ಗಡಿಯಾರವು ಮಾತನಾಡುವ ಭಾಷೆಯ ಅಂಕಿಗಳನ್ನು ಮುಂಚಿತವಾಗಿ ಕೇಳಿ ರೂಢಿಸಿಕೊಳ್ಳಬೇಕು. ಪಂದ್ಯದ ಒತ್ತಡದಲ್ಲಿ ಹದಿಮೂರು ಮತ್ತು ಮೂವತ್ತರ ಇಂಗ್ಲಿಷ್ ಪದಗಳು ಒಂದೇ ತೆರನಾಗಿ ಕೇಳಿಸುವ ಸಂಭವವಿದೆ.

5.3 ದೊಡ್ಡ ಅಂಕಿಗಳ ಗಡಿಯಾರ

ಬಿ2 ಮತ್ತು ಬಿ3 ವರ್ಗದ ಕೆಲವರಿಗೆ ಧ್ವನಿಯ ಅಗತ್ಯವಿರುವುದಿಲ್ಲ. ದೊಡ್ಡ ಅಂಕಿಗಳುಳ್ಳ, ಬಣ್ಣದ ವ್ಯತ್ಯಾಸ ಎದ್ದು ಕಾಣುವ ಸಾಮಾನ್ಯ ಡಿಜಿಟಲ್ ಗಡಿಯಾರವೇ ಸಾಕಾಗಬಹುದು. ಪರದೆಯ ಮೇಲೆ ದೀಪದ ಪ್ರತಿಫಲನ ಬೀಳದಂತೆ ಗಡಿಯಾರದ ಕೋನವನ್ನು ಹೊಂದಿಸಿಕೊಳ್ಳಬೇಕು. ಗಡಿಯಾರವನ್ನು ಯಾವ ಬದಿಯಲ್ಲಿ ಇಡಬೇಕೆಂಬುದನ್ನು ತೀರ್ಪುಗಾರರು ಪಂದ್ಯದ ಆರಂಭಕ್ಕೆ ಮುನ್ನ ನಿರ್ಧರಿಸುವರು. ಆದ್ದರಿಂದ ಉತ್ತಮ ದೃಷ್ಟಿಯಿರುವ ಕಣ್ಣಿನ ಬದಿಗೆ ಇಡುವಂತೆ ಮುಂಚಿತವಾಗಿಯೇ ವಿನಂತಿಸತಕ್ಕದ್ದು.

5.4 ಮೊಬೈಲ್ ಫೋನ್ ಮತ್ತು ಗಣಕಯಂತ್ರ

ಮನೆಯಲ್ಲಿ ಹಾಗೂ ಶಾಲೆಯಲ್ಲಿ ಅಭ್ಯಾಸಕ್ಕಾಗಿ ಸ್ಮಾರ್ಟ್‌ಫೋನಿನ ಚೆಸ್ ಗಡಿಯಾರ ತಂತ್ರಾಂಶಗಳನ್ನು ಬಳಸಬಹುದಾಗಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್, ಐಫೋನುಗಳಲ್ಲಿ ವಾಯ್ಸ್‌ಓವರ್ ಎಂಬ ಪರದೆ ಓದುವ ಸೌಲಭ್ಯವಿದೆ. ಆದರೆ ಈ ಸೌಲಭ್ಯ ಚಾಲನೆಯಲ್ಲಿದ್ದಾಗ ಗುಂಡಿಯನ್ನು ಒಮ್ಮೆ ಮುಟ್ಟಿದರೆ ಅದರ ಹೆಸರು ಕೇಳಿಸುತ್ತದೆಯೇ ಹೊರತು ಅದು ಒತ್ತಲ್ಪಡುವುದಿಲ್ಲ. ಒತ್ತಲು ಎರಡು ಬಾರಿ ತಟ್ಟಬೇಕು. ತಂತ್ರಾಂಶದ ಗುಂಡಿಗಳಿಗೆ ಸರಿಯಾದ ಹೆಸರು ನೀಡಿರದಿದ್ದಲ್ಲಿ ಯಾವುದು ಯಾರ ಗುಂಡಿ ಎಂಬುದೂ ತಿಳಿಯುವುದಿಲ್ಲ. ಆದ ಕಾರಣ ತಂತ್ರಾಂಶವನ್ನು ಆಯ್ಕೆ ಮಾಡುವಾಗ ಪರದೆ ಓದುವ ಸೌಲಭ್ಯವನ್ನು ಚಾಲನೆಗೊಳಿಸಿ ಸ್ವತಃ ಪರೀಕ್ಷಿಸಬೇಕು.

ಅಂತರ್ಜಾಲದಲ್ಲಿ ಆಡುವವರಿಗೆ ಲಿಚೆಸ್ ಎಂಬ ಉಚಿತ ತಾಣದಲ್ಲಿ ಅಂಧರಿಗಾಗಿ ಪ್ರತ್ಯೇಕ ವ್ಯವಸ್ಥೆ ಇದೆ. ನಡೆಯನ್ನು ಕೀಲಿಮಣೆಯಿಂದ ಟೈಪ್ ಮಾಡಬಹುದು. ನಡೆ ಬರೆಯುವ ಜಾಗದಲ್ಲಿ ಇಂಗ್ಲಿಷಿನ ಸಿ ಅಕ್ಷರವನ್ನು ನೀಡಿದರೆ ಇಬ್ಬರ ಗಡಿಯಾರಗಳ ಸಮಯವನ್ನೂ ಪರದೆ ಓದುವ ತಂತ್ರಾಂಶವು ಓದಿ ಹೇಳುತ್ತದೆ. ವಿಂಡೋಸ್ ಗಣಕಯಂತ್ರದಲ್ಲಿ ಇದಕ್ಕಾಗಿ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು ಬಳಸಬಹುದು. ಸಮಯವನ್ನು ಕಿವಿಯಿಂದ ಅರಿತು ಆಡುವ ಅಭ್ಯಾಸಕ್ಕೆ ಹಣ ವೆಚ್ಚವಿಲ್ಲದ ದಾರಿ ಇದು.

ಎಚ್ಚರಿಕೆ: ಪಂದ್ಯ ನಡೆಯುವ ಸ್ಥಳದಲ್ಲಿ ತೀರ್ಪುಗಾರರು ನಿರ್ದಿಷ್ಟವಾಗಿ ಅನುಮತಿಸದ ಯಾವುದೇ ವಿದ್ಯುನ್ಮಾನ ಸಾಧನವನ್ನು ಹೊಂದಿರುವುದು ನಿಷಿದ್ಧ. ಗಡಿಯಾರವಾಗಿ ಬಳಸುವ ಉದ್ದೇಶದಿಂದ ತಂದಿದ್ದರೂ ಫೋನು ಕೈಯಲ್ಲಿರುವುದು ಪಂದ್ಯವನ್ನೇ ಕಳೆದುಕೊಳ್ಳಲು ಕಾರಣವಾಗಬಹುದು.

5.5 ಸಹಾಯಕರ ನೆರವು

ಯಾವ ಸಾಧನವೂ ಲಭ್ಯವಿಲ್ಲದಿದ್ದಲ್ಲಿ ಸಹಾಯಕರ ಮೂಲಕ ಆಡಬಹುದು. ಈ ವ್ಯವಸ್ಥೆಗೆ ಯಂತ್ರದ ವೆಚ್ಚವಿಲ್ಲ. ಆದರೆ ಪ್ರತಿ ಪಂದ್ಯಕ್ಕೂ ಒಬ್ಬ ವ್ಯಕ್ತಿ ಬೇಕು. ಅವರ ಪ್ರಯಾಣ, ಊಟ, ವಸತಿಯ ವೆಚ್ಚವಿರುತ್ತದೆ. ಸಮಯ ಕೇಳಿದಾಗಲೆಲ್ಲ ತನ್ನ ಆತಂಕವು ಎದುರಾಳಿಗೆ ತಿಳಿಯುತ್ತದೆ ಎಂಬುದೂ ಆಟಗಾರರಿಗೆ ತೊಡಕಿನ ಸಂಗತಿ. ಆದುದರಿಂದ ಸಹಾಯಕರಿದ್ದರೂ ಗಡಿಯಾರವನ್ನು ಸ್ವತಃ ಓದಲು ಕಲಿಯುವುದು ಶ್ರೇಯಸ್ಕರ.

6. ಯಾರಿಗೆ ಯಾವುದು ಸೂಕ್ತ

• ಹೊಸದಾಗಿ ಆಟ ಕಲಿಯುತ್ತಿರುವ ಅಂಧ ಮಕ್ಕಳು: ಸ್ಪರ್ಶ ಗಡಿಯಾರ. ಸಮಯ ಸರಿಯುವುದನ್ನು ಬೆರಳಿನಿಂದ ಅರಿಯುವುದರಿಂದ ಕಾಲದ ಅಂದಾಜು ಬೇಗ ಮೂಡುತ್ತದೆ.
• ಶ್ರೇಯಾಂಕಿತ ಪಂದ್ಯಾವಳಿಗಳಲ್ಲಿ ಆಡುವ ಬಿ1 ಆಟಗಾರರು: ಹೆಚ್ಚುವರಿ ಸೆಕೆಂಡುಗಳನ್ನು ಸೇರಿಸಬಲ್ಲ ಮಾತನಾಡುವ ಗಡಿಯಾರ.
• ಬಿ2 ಮತ್ತು ಬಿ3 ಆಟಗಾರರು: ದೊಡ್ಡ ಅಂಕಿಗಳ ಗಡಿಯಾರ. ಆದರೆ ದೃಷ್ಟಿ ಕ್ರಮೇಣ ಕ್ಷೀಣಿಸುವ ಕಾಯಿಲೆಯುಳ್ಳವರು ಮಾತನಾಡುವ ಗಡಿಯಾರವನ್ನು ಮೊದಲೇ ರೂಢಿಸಿಕೊಳ್ಳುವುದು ಒಳಿತು.
• ದೃಷ್ಟಿ ಮತ್ತು ಶ್ರವಣ ಎರಡೂ ಬಾಧಿತರಾದವರು: ಸ್ಪರ್ಶ ಗಡಿಯಾರ ಮತ್ತು ಸಹಾಯಕರು. ದೃಷ್ಟಿದೋಷವುಳ್ಳವರು ಶ್ರವಣದೋಷವುಳ್ಳ ಎದುರಾಳಿಯೊಡನೆ ಆಡುವಾಗಲೂ ಸಹಾಯಕರು ಕಡ್ಡಾಯ.

7. ಪಡೆಯುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

(1) ಸನ್ನೆ ಅಥವಾ ಗುಂಡಿ ಒತ್ತಿದಾಗ ಬದಲಾವಣೆ ಕೈಗೆ ತಿಳಿಯುತ್ತದೆಯೇ? ಮೇಲೆ ಕೆಳಗೆ ವಾಲುವ ಸನ್ನೆಯುಳ್ಳ ಗಡಿಯಾರದಲ್ಲಿ ಯಾರ ಸಮಯ ಓಡುತ್ತಿದೆ ಎಂಬುದು ಮುಟ್ಟಿದೊಡನೆ ತಿಳಿಯುತ್ತದೆ. ತನ್ನ ಬದಿ ತಗ್ಗಿದ್ದರೆ ಎದುರಾಳಿಯ ಸಮಯ, ಮೇಲಿದ್ದರೆ ತನ್ನ ಸಮಯ ಓಡುತ್ತಿರುತ್ತದೆ. ಬೆರಳ ಸ್ಪರ್ಶವನ್ನಷ್ಟೇ ಗ್ರಹಿಸುವ ಚಪ್ಪಟೆ ಗುಂಡಿಗಳಲ್ಲಿ ಈ ಅನುಕೂಲವಿಲ್ಲ.
(2) ಇಬ್ಬರ ಸಮಯವನ್ನೂ ಪ್ರತ್ಯೇಕವಾಗಿ ಕೇಳಬಹುದೇ?
(3) ಇಯರ್‌ಫೋನ್ ಕಳಚಿದಾಗ ಧ್ವನಿವರ್ಧಕದಲ್ಲಿ ಹಠಾತ್ತನೆ ಧ್ವನಿ ಬರುತ್ತದೆಯೇ? ಬರುವುದಾದಲ್ಲಿ ಅದನ್ನು ನಿಲ್ಲಿಸುವ ಅವಕಾಶವಿದೆಯೇ?
(4) ಬ್ಯಾಟರಿ ಕ್ಷೀಣಿಸಿದಾಗ ಧ್ವನಿಯ ಮೂಲಕ ಮುನ್ಸೂಚನೆ ನೀಡುತ್ತದೆಯೇ? ಬ್ಯಾಟರಿಯು ಸ್ಥಳೀಯ ಅಂಗಡಿಗಳಲ್ಲಿ ದೊರೆಯುತ್ತದೆಯೇ?
(5) ಕಾಲಮಿತಿಯನ್ನು ಹೊಂದಿಸುವ ಕ್ರಮವನ್ನೂ ಅಂಧ ವ್ಯಕ್ತಿಯು ಸ್ವತಃ ನಿರ್ವಹಿಸಬಹುದೇ ಅಥವಾ ಪರದೆ ನೋಡಿಯೇ ಹೊಂದಿಸಬೇಕೇ?
(6) ದುರಸ್ತಿ ವ್ಯವಸ್ಥೆ ಎಲ್ಲಿದೆ? ವಿದೇಶದಿಂದ ತರಿಸುವ ಗಡಿಯಾರವಾದಲ್ಲಿ ಇದು ಮುಖ್ಯವಾದ ಪ್ರಶ್ನೆ.

ಹಳೆಯ ಕೀಲಿ ಗಡಿಯಾರವಿದ್ದವರು ಅದನ್ನು ಸ್ಪರ್ಶ ಗಡಿಯಾರವಾಗಿ ಮಾರ್ಪಡಿಸಿಕೊಳ್ಳಬಹುದು. ಗಡಿಯಾರ ದುರಸ್ತಿ ಮಾಡುವವರಿಂದ ಗಾಜನ್ನು ತೆಗೆಸಿ, ಮುಳ್ಳುಗಳನ್ನು ಗಟ್ಟಿಗೊಳಿಸಿ, ಒಣಗಿದ ಮೇಲೆ ಉಬ್ಬಾಗಿ ಉಳಿಯುವ ಅಂಟಿನಿಂದ ಮೇಲ್ಕಂಡ ನಿಯಮದಂತೆ ಚುಕ್ಕೆಗಳನ್ನು ಇಡಿಸಬೇಕು. ಚುಕ್ಕೆಗಳು ಮುಳ್ಳುಗಳ ಚಲನೆಗೆ ತಗಲದಂತೆ ಅಂಚಿನಲ್ಲಿರಬೇಕು. ಇಂತಹ ಗಡಿಯಾರವನ್ನು ಪಂದ್ಯದಲ್ಲಿ ಬಳಸುವ ಮುನ್ನ ತೀರ್ಪುಗಾರರಿಗೆ ತೋರಿಸಿ ಒಪ್ಪಿಗೆ ಪಡೆಯತಕ್ಕದ್ದು.

8. ಪಂದ್ಯಾವಳಿಗೆ ಮುನ್ನ ಅನುಸರಿಸಬೇಕಾದ ಕ್ರಮ

ಸ್ಥಳೀಯ ಪರಿಸ್ಥಿತಿಗೆ ಅನುಗುಣವಾಗಿ ಅನುಬಂಧದ ನಿಯಮಗಳನ್ನು ಹೊಂದಿಸಿಕೊಳ್ಳಲು ಸಂಘಟಕರಿಗೆ, ತೀರ್ಪುಗಾರರೊಂದಿಗೆ ಸಮಾಲೋಚಿಸಿದ ನಂತರ, ಅಧಿಕಾರವಿದೆ. ಆದುದರಿಂದ ಆಟಗಾರರು ತಮ್ಮ ಅಗತ್ಯಗಳನ್ನು ಹೆಸರು ನೋಂದಾಯಿಸುವಾಗಲೇ ಲಿಖಿತವಾಗಿ ತಿಳಿಸುವುದು ಸೂಕ್ತ. ಮೊದಲ ಸುತ್ತಿನ ಬೆಳಿಗ್ಗೆ ಮೇಜಿನ ಬಳಿ ಕೇಳುವ ಕೋರಿಕೆಯನ್ನು ಈಡೇರಿಸಲು ಸಂಘಟಕರಿಗೆ ಅವಕಾಶವಿರುವುದಿಲ್ಲ. ಮನವಿಯ ಮಾದರಿ ಈ ಕೆಳಕಂಡಂತಿದೆ.

“ಇವರಿಗೆ,
ಮುಖ್ಯ ತೀರ್ಪುಗಾರರು / ಸಂಘಟನಾ ಕಾರ್ಯದರ್ಶಿಗಳು.

ಮಾನ್ಯರೇ,
ವಿಷಯ: ದೃಷ್ಟಿದೋಷವುಳ್ಳ ಆಟಗಾರರಿಗೆ ಗಡಿಯಾರ ಹಾಗೂ ಇತರ ಅನುಕೂಲಗಳನ್ನು ಒದಗಿಸುವ ಬಗ್ಗೆ.

ನಾನು ತಮ್ಮ ಪಂದ್ಯಾವಳಿಯಲ್ಲಿ ಹೆಸರು ನೋಂದಾಯಿಸಿರುತ್ತೇನೆ. ನಾನು ದೃಷ್ಟಿದೋಷವುಳ್ಳ ಆಟಗಾರನಾಗಿದ್ದು / ಆಟಗಾರ್ತಿಯಾಗಿದ್ದು, ಪ್ರಮಾಣಪತ್ರದ ಪ್ರತಿಯನ್ನು ಲಗತ್ತಿಸಿದೆ. ಫಿಡೆ ನಿಯಮಾವಳಿಯ ಸಂಬಂಧಿತ ಅನುಬಂಧದ ಪ್ರಕಾರ (1) ಸ್ಪರ್ಶ ಹಲಗೆ, (2) ನಾನು ತರುವ ಮಾತನಾಡುವ ಗಡಿಯಾರ ಮತ್ತು ತಂತಿಯ ಇಯರ್‌ಫೋನ್, (3) ನಡೆಗಳ ದಾಖಲೆಗಾಗಿ ಬ್ರೈಲ್ ಸಾಮಗ್ರಿ ಅಥವಾ ಧ್ವನಿಮುದ್ರಣ ಸಾಧನ, ಇವುಗಳ ಬಳಕೆಗೆ ಅನುಮತಿ ನೀಡಬೇಕೆಂದು ಕೋರುತ್ತೇನೆ. ಸದರಿ ಸಾಧನಗಳನ್ನು ಮೊದಲ ಸುತ್ತಿಗೆ ಮುನ್ನ ತಮ್ಮ ಪರಿಶೀಲನೆಗೆ ಹಾಜರುಪಡಿಸುತ್ತೇನೆ. ಸಹಾಯಕರನ್ನು ಕರೆತರುತ್ತೇನೆ / ಕರೆತರುವುದಿಲ್ಲ.

ತಮ್ಮ ವಿಶ್ವಾಸಿ,
(ಸಹಿ ಅಥವಾ ಹೆಬ್ಬೆರಳ ಗುರುತು)”

9. ಕಾನೂನಿನ ಆಧಾರ

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ದಿನಾಂಕ 19-4-2017ರಿಂದ ಜಾರಿಯಲ್ಲಿದೆ. ಇದರ 30ನೇ ಪ್ರಕರಣವು ಕ್ರೀಡಾ ಚಟುವಟಿಕೆಗಳಿಗೆ ಸಂಬಂಧಿಸಿದೆ. ವಿಕಲಚೇತನರು ಕ್ರೀಡೆಗಳಲ್ಲಿ ಪರಿಣಾಮಕಾರಿಯಾಗಿ ಭಾಗವಹಿಸುವಂತೆ ಸರ್ಕಾರವು ಕ್ರಮ ಕೈಗೊಳ್ಳಬೇಕೆಂದೂ, ಅವರ ಪ್ರತಿಭೆ ಮತ್ತು ಸಾಮರ್ಥ್ಯವನ್ನು ಹೆಚ್ಚಿಸುವ ತಂತ್ರಜ್ಞಾನವನ್ನು ಅಭಿವೃದ್ಧಿಪಡಿಸಬೇಕೆಂದೂ, ಒಂದಕ್ಕಿಂತ ಹೆಚ್ಚು ಇಂದ್ರಿಯಗಳಿಗೆ ನಿಲುಕುವ ಅನುಕೂಲಗಳನ್ನು ಕ್ರೀಡೆಗಳಲ್ಲಿ ಒದಗಿಸಬೇಕೆಂದೂ ಈ ಪ್ರಕರಣವು ತಿಳಿಸುತ್ತದೆ. ಕಣ್ಣಿಗೆ ಮಾತ್ರವಲ್ಲದೆ ಕಿವಿಗೂ ಬೆರಳಿಗೂ ಸಮಯ ತಿಳಿಸುವ ಗಡಿಯಾರವು ಇದಕ್ಕೆ ನೇರ ಉದಾಹರಣೆ. ಅರ್ಜಿ ಬರೆಯುವಾಗ ಈ ಪ್ರಕರಣವನ್ನು ಉಲ್ಲೇಖಿಸಬಹುದು.

10. ನೆರವಿಗಾಗಿ ಅರ್ಜಿ ಸಲ್ಲಿಸುವ ವಿಧಾನ

(1) ವಿಶಿಷ್ಟ ಗುರುತಿನ ಚೀಟಿ: ಎಲ್ಲಕ್ಕೂ ಮೊದಲು ಯು.ಡಿ.ಐ.ಡಿ. ಕಾರ್ಡ್ ಪಡೆದಿರಬೇಕು. ಇದಕ್ಕಾಗಿ ಕೇಂದ್ರ ಸರ್ಕಾರದ ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ, ನಿಗದಿತ ಆಸ್ಪತ್ರೆಯಲ್ಲಿ ವೈದ್ಯಕೀಯ ತಪಾಸಣೆಗೆ ಹಾಜರಾಗಬೇಕು.

(2) ಸಂಪರ್ಕಿಸಬೇಕಾದವರು: ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಜಿಲ್ಲಾ ಮಟ್ಟದಲ್ಲಿ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿ.

(3) ಲಗತ್ತಿಸಬೇಕಾದ ದಾಖಲೆಗಳು: ಯು.ಡಿ.ಐ.ಡಿ. ಕಾರ್ಡಿನ ಪ್ರತಿ, ವಾಸಸ್ಥಳದ ದಾಖಲೆ, ಆದಾಯ ಪ್ರಮಾಣಪತ್ರ, ಭಾವಚಿತ್ರ, ವಿದ್ಯಾರ್ಥಿಗಳಾದಲ್ಲಿ ವ್ಯಾಸಂಗ ಪ್ರಮಾಣಪತ್ರ. ಪಂದ್ಯಾವಳಿಗಳಲ್ಲಿ ಭಾಗವಹಿಸಿದ ಪ್ರಮಾಣಪತ್ರಗಳನ್ನೂ ಸೇರಿಸುವುದು ಒಳ್ಳೆಯದು.

(4) ಸಾಧನದ ವಿವರಣೆ: ಅರ್ಜಿಯಲ್ಲಿ ಕೇವಲ “ಗಡಿಯಾರ” ಎಂದು ಬರೆಯಬಾರದು. ಹಾಗೆ ಬರೆದಲ್ಲಿ ಅಂಧರ ಕೈಗಡಿಯಾರವೆಂದು ಭಾವಿಸುವ ಸಾಧ್ಯತೆಯಿದೆ. “ಚದುರಂಗ ಪಂದ್ಯಕ್ಕಾಗಿ ಇಬ್ಬರು ಆಟಗಾರರ ಸಮಯವನ್ನು ಪ್ರತ್ಯೇಕವಾಗಿ ಅಳೆದು ಧ್ವನಿಯ ಮೂಲಕ ತಿಳಿಸುವ ಸಾಧನ” ಎಂದು ಸ್ಪಷ್ಟವಾಗಿ ನಮೂದಿಸಿ, ದರಪಟ್ಟಿಯನ್ನು ಲಗತ್ತಿಸಬೇಕು.

(5) ಸ್ವೀಕೃತಿ: ಅರ್ಜಿ ಸಲ್ಲಿಸಿದ ದಿನವೇ ಸ್ವೀಕೃತಿ ಪತ್ರವನ್ನು ಪಡೆದು ಇಟ್ಟುಕೊಳ್ಳತಕ್ಕದ್ದು. ಅರ್ಜಿ ತಿರಸ್ಕೃತವಾದಲ್ಲಿ ಕಾರಣವನ್ನು ಲಿಖಿತವಾಗಿ ಕೋರಬಹುದು.

ಸ್ಪರ್ಶ ಹಲಗೆ ಮತ್ತು ಬ್ರೈಲ್ ಸಾಮಗ್ರಿಗಳ ವಿಚಾರಣೆಗಾಗಿ ಡೆಹ್ರಾಡೂನ್‌ನಲ್ಲಿರುವ ರಾಷ್ಟ್ರೀಯ ದೃಷ್ಟಿ ವಿಕಲಚೇತನರ ಸಬಲೀಕರಣ ಸಂಸ್ಥೆ ಹಾಗೂ ಮುಂಬಯಿಯ ರಾಷ್ಟ್ರೀಯ ಅಂಧರ ಸಂಘವನ್ನು ಸಂಪರ್ಕಿಸಬಹುದು. ಪಂದ್ಯಾವಳಿಗಳ ವಿವರಗಳಿಗೆ ಅಖಿಲ ಭಾರತ ಅಂಧರ ಚೆಸ್ ಒಕ್ಕೂಟವನ್ನು ಸಂಪರ್ಕಿಸತಕ್ಕದ್ದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಾಮಾನ್ಯ ಪಂದ್ಯಾವಳಿಯಲ್ಲಿ ನನ್ನ ದೃಷ್ಟಿಯುಳ್ಳ ಎದುರಾಳಿಯು ಮಾತನಾಡುವ ಗಡಿಯಾರಕ್ಕೆ ಆಕ್ಷೇಪಿಸಿದರೆ?
ಉತ್ತರ: ಇಂತಹ ಗಡಿಯಾರಕ್ಕೆ ನಿಯಮಾವಳಿಯಲ್ಲೇ ಅವಕಾಶವಿದೆ. ಆಕ್ಷೇಪಣೆಗೆ ಆಟಗಾರರು ಉತ್ತರಿಸುವ ಅಗತ್ಯವಿಲ್ಲ. ತೀರ್ಪುಗಾರರನ್ನು ಕರೆಯಬೇಕು.

ಪ್ರಶ್ನೆ: ಪಂದ್ಯದ ನಡುವೆ ಗಡಿಯಾರ ಮಾತನಾಡುವುದನ್ನು ನಿಲ್ಲಿಸಿದರೆ?
ಉತ್ತರ: ಕೂಡಲೇ ತೀರ್ಪುಗಾರರಿಗೆ ತಿಳಿಸಬೇಕು. ಸ್ಪಷ್ಟವಾದ ದೋಷ ಕಂಡುಬಂದಲ್ಲಿ ಗಡಿಯಾರವನ್ನು ಬದಲಾಯಿಸಿ ಸಮಯವನ್ನು ಸರಿಹೊಂದಿಸಲು ಅವರಿಗೆ ಅಧಿಕಾರವಿದೆ. ಪಂದ್ಯ ಮುಗಿದ ಮೇಲೆ ದೂರುವುದರಿಂದ ಪ್ರಯೋಜನವಾಗದು.

ಪ್ರಶ್ನೆ: ನನ್ನ ಕೈಗೂ ಊನವಿರುವುದರಿಂದ ಗಡಿಯಾರ ಒತ್ತಲು ಆಗುವುದಿಲ್ಲ. ಸಮಯದಲ್ಲಿ ಕಡಿತ ಮಾಡುತ್ತಾರೆಯೇ?
ಉತ್ತರ: ಇಲ್ಲ. ಗಡಿಯಾರ ಬಳಸಲಾಗದ ಆಟಗಾರರು ತೀರ್ಪುಗಾರರಿಗೆ ಒಪ್ಪಿಗೆಯಾಗುವ ಸಹಾಯಕರನ್ನು ಒದಗಿಸಿಕೊಳ್ಳಬಹುದು. ಇದಕ್ಕಾಗಿ ಸಮಯದಲ್ಲಿ ಮಾಡುವ ಹೊಂದಾಣಿಕೆಯು ವಿಕಲಚೇತನ ಆಟಗಾರರಿಗೆ ಅನ್ವಯಿಸುವುದಿಲ್ಲ.

ಪ್ರಶ್ನೆ: ಬ್ಲಿಟ್ಜ್ ಪಂದ್ಯಗಳಲ್ಲಿ ಅಂಧರು ಭಾಗವಹಿಸಬಹುದೇ?
ಉತ್ತರ: ಭಾಗವಹಿಸಬಹುದು. ಆದರೆ ಒಬ್ಬ ಆಟಗಾರನಿಗೆ 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಸಮಯವಿರುವ ಈ ಆಟದಲ್ಲಿ ನಡೆ ಘೋಷಿಸಲು ಮತ್ತು ಪುನರುಚ್ಚರಿಸಲು ಬೇಕಾಗುವ ಸೆಕೆಂಡುಗಳು ಭಾರವಾಗುತ್ತವೆ. ಮೊದಲು ರ‍್ಯಾಪಿಡ್ ಪಂದ್ಯಗಳಲ್ಲಿ ಗಡಿಯಾರದ ಬಳಕೆಯನ್ನು ರೂಢಿಸಿಕೊಳ್ಳುವುದು ಸೂಕ್ತ.

12. ಶಾಲೆಗಳು ಮತ್ತು ಸಂಘಟಕರಿಗೆ ಸೂಚನೆ

ಅಂಧ ಮಕ್ಕಳಿರುವ ಶಾಲೆಗಳು ಸ್ಪರ್ಶ ಹಲಗೆಗಳ ಜೊತೆಗೆ ಕನಿಷ್ಠ ಒಂದು ಸ್ಪರ್ಶ ಗಡಿಯಾರ ಮತ್ತು ಒಂದು ಮಾತನಾಡುವ ಗಡಿಯಾರವನ್ನು ಹೊಂದಿರುವುದು ಅಪೇಕ್ಷಣೀಯ. ಗಡಿಯಾರವಿಲ್ಲದೆ ವರ್ಷಗಟ್ಟಲೆ ಆಡಿ ಕಲಿತ ವಿದ್ಯಾರ್ಥಿಯು ಮೊದಲ ಪಂದ್ಯಾವಳಿಯಲ್ಲಿ ತನಗೆ ತಿಳಿಯದ ಕಾರಣಕ್ಕೆ ಸೋಲುತ್ತಾನೆ, ಮತ್ತು ಅನೇಕ ವೇಳೆ ಆಟವನ್ನೇ ಕೈಬಿಡುತ್ತಾನೆ. ಸಂಘಟಕರು ನೋಂದಣಿ ನಮೂನೆಯಲ್ಲಿ “ವಿಶೇಷ ಸಾಧನ ಅಥವಾ ಸಹಾಯಕರ ಅಗತ್ಯವಿದೆಯೇ” ಎಂಬ ಒಂದು ಸಾಲನ್ನು ಸೇರಿಸಿದರೆ ಮೊದಲ ಸುತ್ತಿನ ಗೊಂದಲಗಳಲ್ಲಿ ಹೆಚ್ಚಿನವು ನಿವಾರಣೆಯಾಗುತ್ತವೆ. ಎರಡು ಹಲಗೆ ಮತ್ತು ಗಡಿಯಾರಕ್ಕೆ ಸ್ಥಳ ಸಾಲುವಷ್ಟು ಅಗಲವಾದ ಮೇಜನ್ನೂ, ಘೋಷಣೆ ಸ್ಪಷ್ಟವಾಗಿ ಕೇಳುವಂತೆ ಸಭಾಂಗಣದ ಶಾಂತವಾದ ಬದಿಯನ್ನೂ ಇಂತಹ ಪಂದ್ಯಗಳಿಗೆ ಮೀಸಲಿಡತಕ್ಕದ್ದು.

ಹೆಚ್ಚಿನ ಮಾಹಿತಿಗಾಗಿ ಆಯಾ ಜಿಲ್ಲೆಯ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ಈ ಮಾಹಿತಿಯನ್ನು ಸ್ವತಃ ಓದಲಾಗದವರಿಗೆ ಓದಿ ಹೇಳಿ ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.